ಹಸುವಿನ ಕ್ಷಯರೋಗ ಪರೀಕ್ಷೆ: ಫಲಿತಾಂಶವನ್ನು ಎಷ್ಟು ನಂಬಬಹುದು?



ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಸಂಘಗಳ ಸಭೆಗಳಲ್ಲಿ ಸದಸ್ಯರು ನನ್ನನ್ನು ಎರಡು ಪ್ರಶ್ನೆ ಕೇಳುವುದುಂಟು. "ಡಾಕ್ಟ್ರೇ, ಟಿ.ಬಿ. ಇಲ್ಲ ಅಂತ ಚೀಟಿ ನೋಡಿ ಹಸು ತಂದೆ. ಈಗ ಕೆಮ್ಮಿ ಕೆಮ್ಮಿ ಸೊರಗ್ತಿದೆ. ಪರೀಕ್ಷೆ ಸುಳ್ಳಾ?" ಇದು ಮೊದಲನೆಯದು. "ಟಿ.ಬಿ. ಇದೆ ಅಂದ್ರು. ಹಸು ನೋಡಿದ್ರೆ ಗಟ್ಟಿಮುಟ್ಟಾಗಿದೆ. ಮಾರಿಬಿಡ್ಲಾ?" ಇದು ಎರಡನೆಯದು. ಪರೀಕ್ಷೆ ನಡೆಯುವ ಬಗೆಯನ್ನು ತಿಳಿದರೆ ಎರಡಕ್ಕೂ ಉತ್ತರ ಸಿಗುತ್ತದೆ.

ಪರೀಕ್ಷೆ ಹೇಗೆ ನಡೆಯುತ್ತದೆ?

ರಾಬರ್ಟ್ ಕಾಕ್ ಎಂಬ ವಿಜ್ಞಾನಿ 1882ರಲ್ಲಿ ಕ್ಷಯದ ರೋಗಾಣುವನ್ನು ಕಂಡುಹಿಡಿದರು. 1890ರಲ್ಲಿ ಆ ರೋಗಾಣುವಿನಿಂದಲೇ ಟ್ಯೂಬರ್ಕ್ಯುಲಿನ್ ಎಂಬ ದ್ರವ ತಯಾರಿಸಿದರು. ಅದರ ಶುದ್ಧೀಕರಿಸಿದ ರೂಪವೇ ಇಂದಿನ ಪರೀಕ್ಷೆಗೂ ಆಧಾರ. ಹಸುವಿನ ಕುತ್ತಿಗೆಯ ಕೂದಲು ಕತ್ತರಿಸಿ, ಚರ್ಮದ ದಪ್ಪವನ್ನು ಅಳೆದು, ಚರ್ಮದ ಪದರದೊಳಗೆ 0.1 ಮಿ.ಲೀ. ಚುಚ್ಚುತ್ತೇವೆ. 72 ಗಂಟೆ ಕಳೆದ ಮೇಲೆ ಮತ್ತೆ ಅಳೆಯುತ್ತೇವೆ. ದಪ್ಪ 4 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಾದರೆ ಪಾಸಿಟಿವ್, 2 ಮಿ.ಮೀ.ಗಿಂತ ಕಡಿಮೆಯಿದ್ದು ಬೇರೆ ಲಕ್ಷಣಗಳಿಲ್ಲದಿದ್ದರೆ ನೆಗೆಟಿವ್; ನಡುವೆ ಇದ್ದರೆ ಸಂಶಯ.

ಒಂದು ಮಾತು ಗಮನಿಸಿ. ಈ ಪರೀಕ್ಷೆ ರೋಗಾಣುವನ್ನೇ ಹಿಡಿದು ತೋರಿಸುವುದಿಲ್ಲ. ಹಸುವಿನ ಮೈ ಆ ರೋಗಾಣುವನ್ನು ಗುರುತಿಸುತ್ತದೆಯೇ ಎಂಬುದನ್ನಷ್ಟೇ ತೋರಿಸುತ್ತದೆ. ತಪ್ಪು ನುಸುಳುವುದು ಇಲ್ಲಿಯೇ.

ಇರುವ ರೋಗ ಕಾಣದೆ ಹೋಗುವುದು

ಸೋಂಕು ತಗುಲಿದ ಮೊದಲ ಕೆಲವು ವಾರ ಚರ್ಮ ಊದಿಕೊಳ್ಳುವುದಿಲ್ಲ. ರೋಗ ಬಹಳ ಮುಂದುವರಿದು ಸೊರಗಿದ ಹಸುವಿನಲ್ಲೂ ಊತ ಬಾರದೆ ಹೋಗಬಹುದು. ಕರು ಹಾಕಿ ತಿಂಗಳು, ಒಂದೂವರೆ ತಿಂಗಳೊಳಗಿನ ಹಸು, ಸ್ಟೀರಾಯ್ಡ್ ಚುಚ್ಚುಮದ್ದು ಪಡೆದ ಹಸು, ಸ್ವಲ್ಪ ದಿನದ ಹಿಂದೆಯೇ ಒಮ್ಮೆ ಟ್ಯೂಬರ್ಕ್ಯುಲಿನ್ ಚುಚ್ಚಿಸಿಕೊಂಡ ಹಸು, ಇವುಗಳಲ್ಲೂ ಹಾಗೆಯೇ. ಔಷಧಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ನಮ್ಮ ಚಳ್ಳಕೆರೆಯ ಬೇಸಿಗೆಯಲ್ಲಿ ಅದು ಬಿಸಿಲಿಗೆ ಸಿಕ್ಕರೆ ಶಕ್ತಿ ಕಳೆದುಕೊಳ್ಳಬಹುದು. ಚರ್ಮದೊಳಗೆ ಹೋಗಬೇಕಾದ್ದು ಚರ್ಮದ ಕೆಳಗೆ ಹೋದರೂ ಫಲಿತಾಂಶ ಕೆಡುತ್ತದೆ.

ಇಲ್ಲದ ರೋಗ ಇದೆ ಎನಿಸುವುದು

ಕ್ಷಯದ ರೋಗಾಣುವಿಗೆ ದಾಯಾದಿಗಳು ಬಹಳ. ಕೋಳಿಯ ಕ್ಷಯ, ವಾಸಿಯಾಗದ ಭೇದಿ ತರುವ ಜೋನ್ಸ್ ರೋಗ, ಮಣ್ಣು ನೀರಿನಲ್ಲಿರುವ ನಿರುಪದ್ರವಿ ಅಣುಜೀವಿಗಳು, ಇವುಗಳಲ್ಲಿ ಯಾವುದು ಸೋಕಿದ್ದರೂ ಹಸುವಿನ ಚರ್ಮ ಊದಬಹುದು. ಜೋನ್ಸ್ ರೋಗ ಕುರಿ ಮೇಕೆಗಳಿಗೂ ಬರುತ್ತದೆ. ಕುರಿ, ಕೋಳಿ, ದನ ಒಂದೇ ಅಂಗಳದಲ್ಲಿರುವ ನಮ್ಮ ಹಟ್ಟಿಗಳಲ್ಲಿ ಇದನ್ನು ಮರೆಯುವಂತಿಲ್ಲ. ಈ ಗೊಂದಲ ಕಳೆಯಲು ಹಸುವಿನ ಟ್ಯೂಬರ್ಕ್ಯುಲಿನ್ ಮತ್ತು ಕೋಳಿಯ ಟ್ಯೂಬರ್ಕ್ಯುಲಿನ್ ಎರಡನ್ನೂ ಬೇರೆ ಬೇರೆ ಜಾಗದಲ್ಲಿ ಚುಚ್ಚಿ, ಎರಡೂ ಊತಗಳನ್ನು ಹೋಲಿಸುವ ಪರೀಕ್ಷೆಯಿದೆ.

ಒಂದು ಲೆಕ್ಕ

ಉದಾಹರಣೆಗೆ, ಒಂದು ಕಡೆ 1000 ರಾಸುಗಳಿವೆ, ಅವುಗಳಲ್ಲಿ 10ಕ್ಕೆ ಸೋಂಕಿದೆ ಎಂದುಕೊಳ್ಳಿ. ಒಂದೇ ಚುಚ್ಚಿನ ಪರೀಕ್ಷೆ ಸೋಂಕಿತ 100ರಲ್ಲಿ ಸುಮಾರು 80ನ್ನು ಹಿಡಿಯುತ್ತದೆ, ಸೋಂಕಿಲ್ಲದ 100ರಲ್ಲಿ ಸುಮಾರು 3ನ್ನು ತಪ್ಪಾಗಿ ಪಾಸಿಟಿವ್ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಆಗ ಸಿಕ್ಕಿಬೀಳುವ ಸೋಂಕಿತ ರಾಸುಗಳು 8, ತಪ್ಪಿಸಿಕೊಳ್ಳುವವು 2, ಸುಮ್ಮನೆ ಹೆಸರು ಕೆಡಿಸಿಕೊಳ್ಳುವವು ಸುಮಾರು 30. ಪಾಸಿಟಿವ್ ಬಂದ 38ರಲ್ಲಿ ನಿಜವಾದವು 8 ಮಾತ್ರ! ಹಾಗೆಂದು ಪರೀಕ್ಷೆ ವ್ಯರ್ಥವಲ್ಲ. 1000ದಲ್ಲಿ ಹುಡುಕುವ ಬದಲು 38ರಲ್ಲಿ ಹುಡುಕಿದರೆ ಸಾಕಾಯಿತು. ಆದರೆ ಒಂದೇ ಸಲದ ಫಲಿತಾಂಶವನ್ನು ತೀರ್ಪು ಎಂದುಕೊಳ್ಳಬಾರದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ "ಈ ಹಸುವಿಗೆ ಕ್ಷಯ ಇಲ್ಲ" ಎಂದು ಧೈರ್ಯವಾಗಿ ಬರೆದುಕೊಟ್ಟಿದ್ದೇನೆ. ಈಗ "ಈ ದಿನಾಂಕದ ಪರೀಕ್ಷೆಯಲ್ಲಿ ಊತ ಕಂಡುಬಂದಿಲ್ಲ" ಎಂದಷ್ಟೇ ಬರೆಯುತ್ತೇನೆ. ಚೀಟಿ ಹೇಳಬಹುದಾದ ನಿಜ ಅಷ್ಟೇ.

ನೀವು ಮಾಡಬೇಕಾದ್ದು

1. ಹಸು ಕೊಳ್ಳುವಾಗ ಚೀಟಿಯ ದಿನಾಂಕ ನೋಡಿ. ಹಿಂದಿನ ಪರೀಕ್ಷೆ ಯಾವಾಗ ಆಯಿತು, ಕರು ಹಾಕಿ ಎಷ್ಟು ದಿನವಾಯಿತು ಎಂದು ಕೇಳಿ. ಚುಚ್ಚಿದ ದಿನವೇ ಕೊಟ್ಟ ಚೀಟಿಗೆ ಬೆಲೆಯಿಲ್ಲ.

2. ತಂದ ಹಸುವನ್ನು ಬೇರೆ ಕಟ್ಟಿ. ನೀರು, ಗೋದಲಿ ಬೇರೆ ಇರಲಿ. ಸುಮಾರು 60 ದಿನ ಕಳೆದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ.

3. ಪಾಸಿಟಿವ್ ಅಥವಾ ಸಂಶಯ ಬಂದರೆ ಗಾಬರಿಯಿಂದ ಮಾರಬೇಡಿ. ಸೋಂಕು ನಿಜವಾಗಿದ್ದರೆ ಅದು ಇನ್ನೊಬ್ಬ ಸದಸ್ಯನ ಕೊಟ್ಟಿಗೆ ಸೇರುತ್ತದೆ. ಸುಳ್ಳಾಗಿದ್ದರೆ ಒಳ್ಳೆಯ ಹಸು ಅಗ್ಗಕ್ಕೆ ಹೋಗುತ್ತದೆ. ಬೇರ್ಪಡಿಸಿ, ಹೋಲಿಕೆ ಪರೀಕ್ಷೆ ಮಾಡಿಸಿ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಪಟ್ಟಿಯಲ್ಲಿ ಹಸುವಿನ ಕ್ಷಯವೂ ಇದೆ. ಸಂಶಯ ಬಂದರೆ ತಿಳಿಸುವುದು ಮಾಲೀಕರ ಹೊಣೆ.

4. ಒಂದು ಹಸು ಪಾಸಿಟಿವ್ ಆದರೆ ಕೊಟ್ಟಿಗೆಯ ಎಲ್ಲ ರಾಸುಗಳಿಗೂ ಪರೀಕ್ಷೆ ಆಗಲಿ. ಒಂದು ರಾಸಿನ ವಿಚಾರದಲ್ಲಿ ತಪ್ಪಬಹುದಾದ ಪರೀಕ್ಷೆ, ಇಡೀ ಹಿಂಡಿನ ವಿಚಾರದಲ್ಲಿ ಹೆಚ್ಚು ನಂಬಿಕೆಗೆ ಅರ್ಹ.

5. ನಾಟಿ ದನಕ್ಕೆ ಕ್ಷಯ ಬರುವುದಿಲ್ಲ ಎಂಬ ಮಾತನ್ನು ನಂಬಬೇಡಿ. ದೇವರ ಎತ್ತುಗಳ ಹಿಂಡಿರಲಿ, ಬರಗಾಲದ ಗೋಶಾಲೆಯಿರಲಿ, ದನ ಒತ್ತೊತ್ತಾಗಿ ನಿಂತಲ್ಲಿ ಉಸಿರಿನಿಂದ ಉಸಿರಿಗೆ ರೋಗ ದಾಟುತ್ತದೆ. ಕೆಮ್ಮುವ ರಾಸು ಕಂಡರೆ ಕಿಲಾರಿಗಳೂ ಪಶುವೈದ್ಯರಿಗೆ ತಿಳಿಸಲಿ.

6. ಪರೀಕ್ಷೆಯ ಫಲಿತಾಂಶ ಏನೇ ಬರಲಿ, ಹಾಲನ್ನು ಚೆನ್ನಾಗಿ ಕುದಿಸಿಯೇ ಕುಡಿಯಿರಿ. ಡೇರಿಯಲ್ಲಿ ಹಾಲನ್ನು 72 ಡಿಗ್ರಿಗೆ 15 ಸೆಕೆಂಡು ಕಾಯಿಸುವುದರಿಂದ ಈ ರೋಗಾಣು ಸಾಯುತ್ತದೆ. ಆದರೆ ಡೇರಿಗೆ ಹಾಕದೆ ಮನೆಯಲ್ಲಿ ಉಳಿಸಿಕೊಂಡ ಹಾಲು ನಿಮ್ಮ ಮಕ್ಕಳದು. ಕರೆದ ನೊರೆ ಹಾಲನ್ನು ಹಾಗೆಯೇ ಮಗುವಿಗೆ ಕುಡಿಸುವ ರೂಢಿಯಿದ್ದರೆ ಇಂದೇ ಬಿಡಿ.

ಪರೀಕ್ಷೆ ತಪ್ಪಬಹುದು. ಬೇರೆ ಕಟ್ಟುವುದು, ಮತ್ತೆ ಪರೀಕ್ಷಿಸುವುದು, ಹಾಲು ಕುದಿಸುವುದು, ಈ ಮೂರನ್ನು ನಾವು ತಪ್ಪಿಸದಿರೋಣ.