ಗುರ್ ಎನ್ನುವ ನಾಯಿಯ ಬಾಯಿ ಮುಚ್ಚಿಸಬೇಡಿ

ವೈಟ್‌ಫೀಲ್ಡ್‌ನ ನನ್ನ ಕ್ಲಿನಿಕ್ಕಿಗೆ ಕಚ್ಚುವ ನಾಯಿಯನ್ನು ಕರೆತಂದವರು ಹೆಚ್ಚಾಗಿ ಹೇಳುವುದು ಒಂದೇ ಮಾತು: "ಏನೂ ಮಾಡಿರ್ಲಿಲ್ಲ ಡಾಕ್ಟ್ರೇ, ಇದ್ದಕ್ಕಿದ್ದ ಹಾಗೆ ಬಾಯಿ ಹಾಕಿಬಿಡ್ತು." ನಾನು ಮೊದಲು ನಾಯಿಯ ಮೈ ಮುಟ್ಟಿ ನೋಡುತ್ತೇನೆ, ಸ್ವಭಾವದ ಮಾತು ಆಮೇಲೆ.

ಕಾಡುಗೋಡಿಯ ಒಂದು ಮನೆಯ ಲ್ಯಾಬ್ರಡಾರ್ ಆ ಮನೆಯ ಮಗುವನ್ನೇ ಕಚ್ಚಿತ್ತು. ಮಗುವಿನ ಮೇಲೆ ಅದಕ್ಕೆ ಹೊಟ್ಟೆಕಿಚ್ಚು ಎಂದು ಮನೆಯವರು ತೀರ್ಮಾನಿಸಿಬಿಟ್ಟಿದ್ದರು. ಜೋಲುಕಿವಿ ಎತ್ತಿದೆ, ಒಳಗೆಲ್ಲ ಕೆಂಪಗೆ ಬಾತು, ಕೀವು ವಾಸನೆ ಹೊಡೆಯುತ್ತಿತ್ತು. ಮಗು ಪ್ರೀತಿಯಿಂದ ಕತ್ತು ತಬ್ಬಿದಾಗೆಲ್ಲ ಆ ಕಿವಿ ಅದುಮಿಹೋಗುತ್ತಿತ್ತು. ವಾಸಿಯಾಗಲು ಕೆಲವು ವಾರ ಹಿಡಿಯಿತು. ಅಷ್ಟು ದಿನ ಮಗುವನ್ನು ದೂರವಿಡಿ, ಆಮೇಲೂ ನಾಯಿಯನ್ನು ತಬ್ಬಲು ಬಿಡಬೇಡಿ ಎಂದೆ. ಅದು ಮತ್ತೆ ಕಚ್ಚಲಿಲ್ಲ. ಹಲ್ಲುನೋವು, ಸೊಂಟದ ಕೀಲಿನ ಸವೆತ, ಥೈರಾಯ್ಡ್ ಕೊರತೆ, ಕಣ್ಣು ಮಂಜಾಗುವುದು ಎಲ್ಲವೂ ಸಾಧು ನಾಯಿಯನ್ನು ಸಿಡುಕು ಮಾಡಬಲ್ಲವು. ಲಸಿಕೆ ಹಾಕಿಸದ ನಾಯಿಯ ನಡತೆ ಬದಲಾದರೆ ರೇಬೀಸ್ ಇರಬಹುದೆಂದೂ ಎಚ್ಚರ ಬೇಕು. ನಾಯಿ ಕಚ್ಚಿದರೆ, ಸಾಕಿದ್ದೇ ಅಲ್ಲವೇ ಎಂದು ಸುಮ್ಮನಿರದೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ.

ನೋವಿನಷ್ಟೇ ದೊಡ್ಡ ಕಾರಣ ಭಯ. 2020ರ ಲಾಕ್‌ಡೌನಿನಲ್ಲಿ ನಮ್ಮ ಕಡೆಯ ಅಪಾರ್ಟ್‌ಮೆಂಟುಗಳಿಗೆ ಬಂದ ಮರಿಗಳಲ್ಲಿ ಇದನ್ನು ಸ್ಪಷ್ಟವಾಗಿ ಕಂಡೆ. ಮರಿಯ ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಕಂಡದ್ದು, ಕೇಳಿದ್ದು ಅದರ ಪಾಲಿಗೆ ಪರಿಚಿತ ಲೋಕವಾಗುತ್ತದೆ. ಆ ಮರಿಗಳು ಆಗ ನೋಡಿದ್ದು ನಾಲ್ಕು ಗೋಡೆ, ಲ್ಯಾಪ್‌ಟಾಪ್ ಮುಂದೆ ಕೂತ ಇಬ್ಬರು. ಆಫೀಸು ತೆರೆದು ಮನೆ ಖಾಲಿಯಾಯಿತು. ಲಿಫ್ಟಿನ ಬಾಗಿಲು ತೆರೆದರೆ ಹೆಲ್ಮೆಟ್ ತೊಟ್ಟ ಡೆಲಿವರಿ ಹುಡುಗ. ಓಡಿಹೋಗಲು ಜಾಗವಿಲ್ಲದ ಆ ಪೆಟ್ಟಿಗೆಯಲ್ಲಿ ಹೆದರಿದ ಪ್ರಾಣಿ ಇನ್ನೇನು ಮಾಡೀತು?

ಪೀಣ್ಯದ ಒಂದು ಲೇತ್ ಶೆಡ್ಡಿನಲ್ಲಿ ನೋಡಿದ್ದೂ ಇದೇ. ಗೇಟಿನ ಪಕ್ಕ ಗಿಡ್ಡ ಸರಪಳಿಯಲ್ಲಿ ಹಗಲೆಲ್ಲ ಕಟ್ಟಿದ ನಾಯಿ, ಶಿಫ್ಟಿಗೆ ಬರುವವರೆಲ್ಲ ಅದರ ಮೂತಿ ಮುಂದೆಯೇ ಹಾಯಬೇಕು. ಒಳ್ಳೆ ಕಾವಲು ಎಂದು ಮಾಲೀಕರಿಗೆ ಹೆಮ್ಮೆ. ನನಗೆ ಕಂಡದ್ದು, ಹಿಂದೆ ಸರಿಯಲಾರದೆ ಮುಂದೆ ಹಾರುತ್ತಿದ್ದ ಜೀವ.

ಇಂಥದ್ದನ್ನೆಲ್ಲ ಬಿಟ್ಟು ತಳಿಯನ್ನು ದೂರುವುದು ಸುಲಭ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೈಲರ್ ಸೇರಿ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು. ದೊಡ್ಡ ದವಡೆಯ ನಾಯಿ ಕಚ್ಚಿದರೆ ಗಾಯ ಘೋರ, ಅದನ್ನು ಸಾಕುವವರ ಹೊಣೆಯೂ ಅಷ್ಟೇ ದೊಡ್ಡದು. ಆದರೆ 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ, 18,000ಕ್ಕೂ ಹೆಚ್ಚು ನಾಯಿಗಳ ಅಧ್ಯಯನದ ಪ್ರಕಾರ ಒಂದೊಂದು ನಾಯಿಯ ನಡತೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ.

ನನಗೆ ನಿಜಕ್ಕೂ ಸಿಟ್ಟು ಬರುವುದು, ಯಜಮಾನ ಯಾರೆಂದು ತೋರಿಸಿ ಎಂದು ಹೊಡೆಯಲು ಕಲಿಸುವವರ ಮೇಲೆ. ನಾಯಿ ಕಚ್ಚುವ ಮುನ್ನ ಎಷ್ಟೋ ಸಲ ಬೇಡಿಕೊಳ್ಳುತ್ತದೆ: ಮುಖ ತಿರುಗಿಸುತ್ತದೆ, ತುಟಿ ನೆಕ್ಕುತ್ತದೆ, ಕಣ್ಣಿನ ಬಿಳಿ ಕಾಣಿಸುತ್ತದೆ, ಮೈ ಸೆಟೆದುಕೊಳ್ಳುತ್ತದೆ, ಕೊನೆಗೆ ಗುರ್ ಎನ್ನುತ್ತದೆ. ಆ ಗುರುಗುಟ್ಟುವಿಕೆಗೆ ಏಟು ಬಿದ್ದರೆ ಭಯ ಹಾಗೆಯೇ ಉಳಿದು ಎಚ್ಚರಿಕೆ ಮಾತ್ರ ಅಡಗುತ್ತದೆ.

ಬೊಮ್ಮಸಂದ್ರದಿಂದ ಬಂದ ನಾಯಿಯೊಂದು ಹಾಗೆ ಸದ್ದಿಲ್ಲದೆ ಕಚ್ಚುತ್ತಿತ್ತು. ಮನೆಯವರು ಹೊಡೆತ ನಿಲ್ಲಿಸಿದರು, ಹೊರಗೆ ಹೊರಟಾಗ ಮಝಲ್ ಹಾಕಿದರು, ಅಪರಿಚಿತರು ದೂರದಲ್ಲಿ ಕಂಡಾಗಲೇ ಕೋಳಿ ತುಣುಕು ಕೊಟ್ಟರು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಒಂದು ದಿನ ಕಾಲು ಮುಟ್ಟಿದಾಗ ಅದು ನನ್ನ ಕಡೆ ಗುರ್ ಎಂದಿತು. ಮನೆಯಾಕೆ ಗದರಲು ಕೈ ಎತ್ತಿದರು. "ಬೇಡಮ್ಮ, ಅದು ಹೇಳಲಿ," ಎಂದು ಕಾಲು ಬಿಟ್ಟುಬಿಟ್ಟೆ.