ತುರ್ತು ವೈದ್ಯಕೀಯ ತಂತ್ರಜ್ಞರಾಗಬಯಸುವವರಿಗೆ

ರೋಗಿಯು ಆಸ್ಪತ್ರೆಯನ್ನು ತಲುಪುವವರೆಗೆ ಉಸಿರಿನ ದಾರಿಯನ್ನು ತೆರವಾಗಿಡಲು, ರಕ್ತಸ್ರಾವವನ್ನು ತಡೆಯಲು, ಅಗತ್ಯವಾದರೆ ಎದೆಯೊತ್ತಿ ರಕ್ತಸಂಚಾರ ನಿಲ್ಲದಂತೆ ನೋಡಿಕೊಳ್ಳಲು ತರಬೇತಿ ಪಡೆದವರೇ ತುರ್ತು ವೈದ್ಯಕೀಯ ತಂತ್ರಜ್ಞರು. 2008ರಲ್ಲಿ ಕರ್ನಾಟಕದಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆಯಲ್ಲಿ ಜನರು ಕಾಣುವುದು ಇವರನ್ನೇ. ಈ ವೃತ್ತಿಗೆ ಬರಬಯಸುವವರು ಶುಲ್ಕ ಕಟ್ಟುವ ಮುನ್ನ ಪ್ರಮಾಣಪತ್ರಕ್ಕೂ ನೋಂದಣಿಗೂ ಇರುವ ವ್ಯತ್ಯಾಸವನ್ನು ಅರಿಯುವುದು ಒಳಿತು: ಮೊದಲನೆಯದು ಸಂಸ್ಥೆಯು ತಾನು ಕಲಿಸಿದ್ದಕ್ಕೆ ಕೊಡುವ ಸಾಕ್ಷ್ಯ, ಎರಡನೆಯದು ವೃತ್ತಿ ನಡೆಸಲು ಕಾನೂನು ನೀಡುವ ಮನ್ನಣೆ. ಸಹಾಯಕ ಹಾಗೂ ಆರೋಗ್ಯ ರಕ್ಷಣಾ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗವೊಂದನ್ನು ರೂಪಿಸಿದ 2021ರ ಕೇಂದ್ರ ಕಾಯಿದೆಯು ಈ ತಂತ್ರಜ್ಞರನ್ನೂ ತನ್ನ ಅನುಸೂಚಿಯಲ್ಲಿ ಸೇರಿಸಿ, ನೋಂದಣಿಯ ಹೊಣೆಯನ್ನು ರಾಜ್ಯ ಪರಿಷತ್ತುಗಳಿಗೆ ವಹಿಸಿದೆ. ಸಹಾಯಕ ವೃತ್ತಿಪರರೆನಿಸಲು ಅದು ಕನಿಷ್ಠ 2,000 ಗಂಟೆಗಳ ವ್ಯಾಸಂಗವನ್ನು ವಿಧಿಸುವುದರಿಂದ, ಕೆಲವೇ ವಾರಗಳಲ್ಲಿ ವೃತ್ತಿಪರರನ್ನಾಗಿಸುತ್ತೇವೆನ್ನುವ ಜಾಹೀರಾತುಗಳನ್ನು ಸಂಶಯದಿಂದಲೇ ನೋಡಬೇಕು.

ನಡತೆಯ ಮಾತಿಗೆ ಬಂದರೆ, ರೋಗಿಯ ಒಪ್ಪಿಗೆ ಪಡೆಯುವುದು, ಕಲಿತದ್ದರ ಎಲ್ಲೆ ಮೀರದಿರುವುದು ಎಲ್ಲರೂ ಒಪ್ಪುವ ನಿಯಮಗಳೇ. ಆದರೆ ಮೊಬೈಲು ಕೈಯಲ್ಲಿರುವ ಈ ಕಾಲದಲ್ಲಿ ಬಲು ಸುಲಭವಾಗಿ ಮುರಿಯುವುದು ಗೋಪ್ಯತೆ. ಗಾಯಾಳುವಿನ ಚಿತ್ರವನ್ನು ಸದುದ್ದೇಶದಿಂದ ಹಂಚಿದರೂ ಅದು ವೃತ್ತಿದ್ರೋಹವೇ. ಇನ್ನೊಂದು, ಮಂಕಾಗಿ ಕಂಡರೂ ತೂಕದ್ದು: ಮಾಡದ ತಪಾಸಣೆಯನ್ನು ಮಾಡಿದಂತೆ ದಾಖಲಿಸಿದರೆ, ಆ ಬರಹವನ್ನು ನಂಬಿಯೇ ಆಸ್ಪತ್ರೆಯ ವೈದ್ಯರು ಮುಂದಿನ ಔಷಧವನ್ನು ನಿರ್ಧರಿಸುತ್ತಾರೆ.