ಲೂಪಸ್ ಮತ್ತು ತಾಯ್ತನ: ಮುಹೂರ್ತ ನೀವೇ ಇಡಿ

ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ ಲೂಪಸ್. ಅದು ಬರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಅದೂ ಹೆಚ್ಚಾಗಿ ಹದಿನೈದರಿಂದ ನಲವತ್ತೈದರೊಳಗೆ, ಮನೆಯಲ್ಲಿ ಮದುವೆ, ಮಕ್ಕಳ ಮಾತು ನಡೆಯುವ ವಯಸ್ಸಿನಲ್ಲೇ. ರೋಗದ ಹೆಸರು ಕೇಳಿದೊಡನೆ "ಇನ್ನು ಮಕ್ಕಳ ಆಸೆ ಬಿಡಮ್ಮ" ಎನ್ನುವವರಿದ್ದಾರೆ. ಮದುವೆಯಾಗಿ ನಾಲ್ಕು ತಿಂಗಳಾಗುವಷ್ಟರಲ್ಲಿ "ಏನಾದ್ರೂ ವಿಶೇಷವಾ?" ಎಂದು ಕೇಳುವವರೂ ಇದ್ದಾರೆ. ಇಬ್ಬರ ಮಾತಿಗೂ ಕಿವಿಗೊಡಬೇಡಿ. ಲೂಪಸ್ ಇರುವ ಬಹುತೇಕ ಹೆಣ್ಣುಮಕ್ಕಳು ತಾಯಿಯಾಗಬಲ್ಲರು. ಆದರೆ ಕಾಯಿಲೆ ಕೆರಳಿದ ಹೊತ್ತಿನಲ್ಲಿ, ಭ್ರೂಣಕ್ಕೆ ಆಗದ ಮಾತ್ರೆ ನುಂಗುತ್ತಿರುವಾಗ, ಎಣಿಸದೆ ನಿಂತ ಬಸಿರು ತಾಯಿ, ಮಗು ಇಬ್ಬರ ಜೀವಕ್ಕೂ ಭಾರ. ಮದುವೆಗೆ ಮುಹೂರ್ತ ನೋಡುವಷ್ಟೇ ಶ್ರದ್ಧೆಯಿಂದ ಬಸಿರಿಗೂ ಸಮಯ ಗೊತ್ತುಮಾಡಬೇಕು.

1. ಆರು ತಿಂಗಳು ಕಾಯಿಲೆ ತಣ್ಣಗಿರಲಿ

ಇದೇ ಎಲ್ಲಕ್ಕಿಂತ ದೊಡ್ಡ ಸೂತ್ರ. ಗರ್ಭ ಧರಿಸುವ ಮುನ್ನ ಕನಿಷ್ಠ ಆರು ತಿಂಗಳು ಲೂಪಸ್ ಹತೋಟಿಯಲ್ಲಿರಬೇಕು. ಕೀಲುನೋವು ಇಲ್ಲ, ಮುಖದ ಮೇಲಿನ ಕೆಂಪು ಮಚ್ಚೆ ಹೋಗಿದೆ ಎಂದಷ್ಟಕ್ಕೇ ನಂಬಬೇಡಿ. ಮೂತ್ರದಲ್ಲಿ ಪ್ರೋಟೀನ್, ಕ್ರಿಯೇಟಿನಿನ್, ರಕ್ತದೊತ್ತಡ, ಸಿ3, ಸಿ4, ಡಿಎಸ್-ಡಿಎನ್‌ಎ ಎಂಬ ರಕ್ತಪರೀಕ್ಷೆಗಳು ಎಲ್ಲವೂ ಸಾಕ್ಷಿ ಹೇಳಬೇಕು. ಮೂತ್ರಪಿಂಡ ಸದ್ದಿಲ್ಲದೆ ಹಾಳಾಗುತ್ತದೆ. ಸಮಾಧಾನದ ಸಂಗತಿಯೂ ಇದೆ. ಅಮೆರಿಕ ಮತ್ತು ಕೆನಡಾದಲ್ಲಿ, ಕಾಯಿಲೆ ಶಾಂತವಾಗಿದ್ದ ಅಥವಾ ತೀವ್ರವಾಗಿಲ್ಲದಿದ್ದ 385 ಗರ್ಭಿಣಿಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 81ರಷ್ಟು ಬಸಿರುಗಳು ದೊಡ್ಡ ತೊಡಕಿಲ್ಲದೆ ದಡ ಸೇರಿದವು.

2. ಅಲ್ಲಿಯವರೆಗೆ ಗರ್ಭನಿರೋಧಕವೂ ಚಿಕಿತ್ಸೆಯೇ

"ಇಷ್ಟೊಂದು ಮಾತ್ರೆ ತಿನ್ನುತ್ತೇನೆ, ನನಗೆಲ್ಲಿ ನಿಲ್ಲುತ್ತೆ?" ಎನ್ನುವ ನಂಬಿಕೆ ಅನೇಕರನ್ನು ಕಷ್ಟಕ್ಕೆ ತಳ್ಳಿದೆ. ಲೂಪಸ್ ತಾನಾಗಿ ಬಂಜೆತನ ತರುವುದು ಕಡಿಮೆ. ಆದ್ದರಿಂದ ಬೇಡವಾದಾಗ ತಡೆಯಲೇಬೇಕು.

ಹೆಚ್ಚಿನವರಿಗೆ ಒಪ್ಪುವುದು ಕಾಪರ್-ಟಿ ಅಥವಾ ಹಾರ್ಮೋನ್ ಇರುವ ವಂಕಿ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರೆ ವಂಕಿ ಹಾಕಬಾರದು, ಸೋಂಕಾಗುತ್ತದೆ ಎಂಬ ಹೆದರಿಕೆ ಬೇಡ. ಕಾಪರ್-ಟಿಯಿಂದ ಮುಟ್ಟಿನ ಸ್ರಾವ ಹೆಚ್ಚಬಹುದು. ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರಿಗೆ ಸ್ರಾವ ತಗ್ಗಿಸುವ ಹಾರ್ಮೋನ್ ವಂಕಿ ಮೇಲು. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ ನಿಜ. ಆದರೆ ಅದು ಮೂಳೆ ಸವೆಸಬಲ್ಲದು, ಸ್ಟೀರಾಯ್ಡ್ ಮೊದಲೇ ಆ ಕೆಲಸ ಮಾಡುತ್ತಿರುತ್ತದೆ. ಕಾಂಡೋಮ್ ಹರಿದರೆ 72 ಗಂಟೆಯೊಳಗೆ ತೆಗೆದುಕೊಳ್ಳುವ ತುರ್ತು ಮಾತ್ರೆಯನ್ನು ಲೂಪಸ್ ಇರುವವರೂ ನುಂಗಬಹುದು.

ಈ ಮಾತಿಗೆ ಸಂಕೋಚವೇಕೆ? 1930ರಷ್ಟು ಹಿಂದೆಯೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಕೇಂದ್ರ ತೆರೆದ ಮೈಸೂರು ಸಂಸ್ಥಾನದ ನಾಡು ನಮ್ಮದು.

3. ಮಾಲಾ-ಎನ್ ನುಂಗುವ ಮುಂಚೆ ಮೂರು ಪರೀಕ್ಷೆ

ಲೂಪಸ್ ಆಂಟಿಕೊಯಾಗ್ಯುಲಂಟ್, ಆಂಟಿಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೋಪ್ರೋಟೀನ್. ಇವು ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯಗಳ ಪರೀಕ್ಷೆಗಳು. ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳುತ್ತಾರೆ. ಈ ಪ್ರತಿಕಾಯಗಳಿರುವವರು, ಕಾಯಿಲೆ ಜೋರಾಗಿರುವವರು ಈಸ್ಟ್ರೋಜನ್ ಇರುವ ಮಾತ್ರೆಯನ್ನು ಮುಟ್ಟಬಾರದು. ಗರ್ಭನಿರೋಧಕ ಮಾತ್ರೆ ಮಾಲಾ-ಎನ್ ಅಂಥದ್ದೇ. ಮದುವೆಗೋ ಪೂಜೆಗೋ ಮುಟ್ಟು ಮುಂದೂಡಲು ಮೆಡಿಕಲ್ ಶಾಪಿನಿಂದ ತರಿಸುವ ಮಾತ್ರೆಗೂ ಇದೇ ಎಚ್ಚರ ಇರಲಿ. ತಜ್ಞರನ್ನು ಕೇಳದೆ ನುಂಗಬೇಡಿ. ಅಂತರಾ ಕೂಡ ಈ ಪ್ರತಿಕಾಯಗಳಿರುವವರಿಗೆ ಹೇಳಿದ್ದಲ್ಲ.

ಇದೇ ಪ್ರತಿಕಾಯಗಳು ಮತ್ತೆ ಮತ್ತೆ ಗರ್ಭಪಾತಕ್ಕೂ ಕಾರಣ. "ಅವಳ ಹೊಟ್ಟೆಯಲ್ಲಿ ಕೂಸು ನಿಲ್ಲೋದಿಲ್ಲ" ಎಂದು ಹಳಿಸಿಕೊಂಡ ಎಷ್ಟೋ ಹೆಂಗಸರಿಗೆ ಆಸ್ಪಿರಿನ್ ಮತ್ತು ಹೆಪಾರಿನ್ ಚುಚ್ಚುಮದ್ದಿನಿಂದ ಮಗು ಕೈಗೆ ಬಂದಿದೆ.

4. ಗಂಡನೂ ಪಾಲು ಹೊರಲಿ

ಸಂಸಾರ ಸಾಕು ಎಂದು ತೀರ್ಮಾನಿಸಿದ ಮೇಲೆ, ಮೂತ್ರಪಿಂಡವೋ ಹೃದಯವೋ ಸೊರಗಿದ ಹೆಂಡತಿಯನ್ನೇ ಆಪರೇಷನ್ ಟೇಬಲ್ ಮೇಲೆ ಮಲಗಿಸುವುದು ಅನ್ಯಾಯ. ಪುರುಷರ ಸಂತಾನಹರಣ ಚಿಕಿತ್ಸೆ (ವ್ಯಾಸೆಕ್ಟಮಿ) ಕೆಲವೇ ನಿಮಿಷಗಳದ್ದು, ಹೊಲಿಗೆಯೂ ಇಲ್ಲ. ಅದರ ನಂತರ ಮೂರು ತಿಂಗಳು ಕಾಂಡೋಮ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿದರೆ ಆಯಿತು.

5. ಮಾತ್ರೆಗಳ ಪಟ್ಟಿ ಮಾಡಿ

ಮೈಕೋಫಿನೊಲೇಟ್ ಅನ್ನು ಗರ್ಭ ಧರಿಸಲು ಪ್ರಯತ್ನಿಸುವ ಕನಿಷ್ಠ ಆರು ವಾರ ಮುಂಚೆ ನಿಲ್ಲಿಸಬೇಕು. ಮೆಥೊಟ್ರೆಕ್ಸೇಟ್ ಒಂದರಿಂದ ಮೂರು ತಿಂಗಳು, ಸೈಕ್ಲೋಫಾಸ್ಫಮೈಡ್ ಮೂರು ತಿಂಗಳು. ಲೆಫ್ಲುನೊಮೈಡ್ ದೇಹದಲ್ಲಿ ಬಹುಕಾಲ ಉಳಿಯುವುದರಿಂದ ಅದನ್ನು ತೊಳೆದು ಹಾಕಲು ಬೇರೆ ಔಷಧವೇ ಬೇಕು. ಪ್ರೋಟೀನ್ ಸೋರಿಕೆ ತಡೆಯಲು ಕೊಡುವ ಟೆಲ್ಮಿಸಾರ್ಟನ್, ರಾಮಿಪ್ರಿಲ್ ತರಹದ ಬಿಪಿ ಮಾತ್ರೆಗಳು ಮಗುವಿನ ಮೂತ್ರಪಿಂಡಕ್ಕೆ ಮಾರಕ. ಬದಲಿಗೆ ಲಬೆಟಲಾಲ್, ನಿಫೆಡಿಪಿನ್ ಇವೆ. ವಾರ್ಫರಿನ್ ಜಾಗಕ್ಕೆ ಹೆಪಾರಿನ್ ಬರುತ್ತದೆ. ಮೈಕೋಫಿನೊಲೇಟ್ ಬಿಟ್ಟು ಅಜಾಥಯೊಪ್ರಿನ್‌ಗೋ ಟ್ಯಾಕ್ರೊಲಿಮಸ್‌ಗೋ ಬದಲಾದ ಮೇಲೂ ಕಾಯಿಲೆ ತಣ್ಣಗಿದೆಯೇ ಎಂದು ಕೆಲವು ತಿಂಗಳು ನೋಡಬೇಕು. ಈ ಬದಲಾವಣೆಗಳನ್ನು ನೀವೇ ಮಾಡಿಕೊಳ್ಳಬೇಡಿ. ಸ್ಟೀರಾಯ್ಡ್ ಅನ್ನು ಏಕಾಏಕಿ ನಿಲ್ಲಿಸುವುದಂತೂ ಪ್ರಾಣಕ್ಕೇ ಅಪಾಯ.

ಸೈಕ್ಲೋಫಾಸ್ಫಮೈಡ್ ಅಂಡಾಶಯವನ್ನು ಸೊರಗಿಸಬಲ್ಲದು. ಇನ್ನೂ ಮಗುವಾಗದ ಹುಡುಗಿಗೆ ಅದನ್ನು ಕೊಡುವ ಮಾತು ಬಂದರೆ, ಅಂಡಾಶಯ ಉಳಿಸುವ ಚುಚ್ಚುಮದ್ದಿನ ಬಗ್ಗೆ ಮೊದಲೇ ಕೇಳಿ.

6. ಎಚ್‌ಸಿಕ್ಯೂ ಬಿಡಲೇಬೇಡಿ

ಬಸಿರಾದ ಸುದ್ದಿ ತಿಳಿದೊಡನೆ "ಮಗುವಿಗೆ ಆಗೋಲ್ಲ" ಎಂದು ಮನೆಯವರು ಮೊದಲು ಎತ್ತಿಡುವ ಮಾತ್ರೆಯೇ ಹೈಡ್ರಾಕ್ಸಿಕ್ಲೋರೊಕ್ವಿನ್ (ಎಚ್‌ಸಿಕ್ಯೂ). ಬಸಿರಿನಲ್ಲೂ ಬಾಣಂತನದಲ್ಲೂ ಮುಂದುವರಿಸಲೇಬೇಕಾದ ಮಾತ್ರೆ ಅದು. ಬಿಟ್ಟರೆ ಲೂಪಸ್ ಕೆರಳುವ ಸಂಭವ ಹೆಚ್ಚು. ಅತ್ತೆಮನೆಯವರಿಗೆ ತಿಳಿಯಬಾರದೆಂದು ಬಚ್ಚಲಲ್ಲಿ ನಿಂತು ಮಾತ್ರೆ ನುಂಗುವವರಿದ್ದಾರೆ. ಕೊನೆಗೆ ಒಂದು ದಿನ ಅದೂ ತಪ್ಪುತ್ತದೆ. ರೋಗ ಮುಚ್ಚಿಟ್ಟು ಮದುವೆ ಮಾಡುವ ಹೆತ್ತವರು ಮಗಳ ಔಷಧಕ್ಕೇ ಕಲ್ಲು ಹಾಕುತ್ತಾರೆ.

7. ರೊ, ಲಾ ಪ್ರತಿಕಾಯ ಇದೆಯೇ ಎಂದು ತಿಳಿದಿರಲಿ

ಆಂಟಿ-ರೊ ಇರುವ ತಾಯಂದಿರ ಮಕ್ಕಳಲ್ಲಿ ಸುಮಾರು ನೂರಕ್ಕೆ ಇಬ್ಬರಿಗೆ ಗರ್ಭದಲ್ಲೇ ಹೃದಯದ ಬಡಿತ ನಿಧಾನವಾಗುವ ತೊಂದರೆ ಬರುತ್ತದೆ. 16ನೇ ವಾರದಿಂದ ಭ್ರೂಣದ ಎಕೊ ಮಾಡಿ ನೋಡುತ್ತಾರೆ. ಎಚ್‌ಸಿಕ್ಯೂ ಈ ಅಪಾಯವನ್ನೂ ತಗ್ಗಿಸುತ್ತದೆ. ಹುಟ್ಟಿದ ಮಗುವಿನ ಚರ್ಮದ ಮೇಲೆ ಬರುವ ಮಚ್ಚೆಗಳು ಕೆಲವು ತಿಂಗಳಲ್ಲಿ ತಾವಾಗಿ ಮಾಯುತ್ತವೆ. ತಾಯಿಗೆ ಲೂಪಸ್ ಇದ್ದರೆ ಮಗುವಿಗೂ ಬರಲೇಬೇಕೆಂದಿಲ್ಲ; ಹೆಚ್ಚಿನ ಮಕ್ಕಳಿಗೆ ಬರುವುದೇ ಇಲ್ಲ.

8. ಎಣಿಸದೆ ನಿಂತರೆ

ಗಾಬರಿಯಿಂದ ಎಲ್ಲ ಮಾತ್ರೆ ಬಿಸಾಡಬೇಡಿ. ಮೈಕೋಫಿನೊಲೇಟ್, ಮೆಥೊಟ್ರೆಕ್ಸೇಟ್ ತರಹದ್ದೇನಾದರೂ ಇದ್ದರೆ ಅಂದೇ ವೈದ್ಯರಿಗೆ ಫೋನ್ ಮಾಡಿ. ಮುಂದುವರಿಸುವುದು ಸಾಧ್ಯವಿಲ್ಲ ಎಂದಾದರೆ ಕಾನೂನು ನಿಮ್ಮ ಜೊತೆಗಿದೆ. ಗರ್ಭಪಾತ ಕಾನೂನಿನ 2021ರ ತಿದ್ದುಪಡಿಯ ನಂತರ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ವಯಸ್ಕ ಹೆಣ್ಣಿಗೆ ಅವಳ ಒಪ್ಪಿಗೆಯೇ ಒಪ್ಪಿಗೆ. ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ.

9. ತಾಯಿ ಕಾರ್ಡ್‌ನಲ್ಲಿ ಲೂಪಸ್ ಎಂದು ಬರೆಸಿ

ಜೊತೆಗೆ ಪ್ರತಿಕಾಯಗಳ ಫಲಿತಾಂಶ, ಸ್ಟೀರಾಯ್ಡ್ ಪ್ರಮಾಣ. ರುಮಟಾಲಜಿ ವೈದ್ಯರೂ ಹೆರಿಗೆ ವೈದ್ಯರೂ ಒಬ್ಬರ ಚೀಟಿಯನ್ನು ಇನ್ನೊಬ್ಬರು ಓದುವಂತಿರಬೇಕು. ಬೇಗನೇ, 16 ವಾರದೊಳಗೆ, ಕಡಿಮೆ ಪ್ರಮಾಣದ ಆಸ್ಪಿರಿನ್ ಆರಂಭಿಸುವುದು ರೂಢಿ, ಬಸಿರಿನ ಬಿಪಿ ಏರಿಕೆಯ ಅಪಾಯ ತಗ್ಗಿಸಲು. ಕಾಲು ಊದುವುದು, ಬಿಪಿ ಏರುವುದು, ಮೂತ್ರದಲ್ಲಿ ಪ್ರೋಟೀನ್: ಈ ಮೂರೂ ಬಸಿರಿನ ನಂಜಿನಲ್ಲೂ ಕಾಣುತ್ತವೆ, ಲೂಪಸ್ ಮೂತ್ರಪಿಂಡಕ್ಕೆ ತಗುಲಿದಾಗಲೂ ಕಾಣುತ್ತವೆ. ಎರಡರ ಚಿಕಿತ್ಸೆ ಬೇರೆ ಬೇರೆ. ಹಳೆಯ ವರದಿಗಳು ಕೈಯಲ್ಲಿದ್ದರೆ ವೈದ್ಯರಿಗೆ ಬೇರ್ಪಡಿಸುವುದು ಸುಲಭ.

10. ಬಾಣಂತನ ಎಲ್ಲಿ ಎಂಬುದನ್ನು ಆಸ್ಪತ್ರೆ ನೋಡಿ ನಿರ್ಧರಿಸಿ

ಏಳನೇ ತಿಂಗಳಿಗೆ ಸೀಮಂತ ಮುಗಿಸಿ ತವರಿಗೆ ಕರೆದೊಯ್ಯುವುದು ನಮ್ಮಲ್ಲಿ ವಾಡಿಕೆ. ಅಪಾಯ ಹೆಚ್ಚುವ ಹೊತ್ತಿನಲ್ಲೇ ಹೀಗೆ ವೈದ್ಯರು ಬದಲಾಗುತ್ತಾರೆ. ತವರಿನ ಊರಿನಲ್ಲಿ ತಜ್ಞರಿಲ್ಲದಿದ್ದರೆ ಅಮ್ಮನೇ ಮಗಳ ಮನೆಗೆ ಬರಲಿ. ಹೆರಿಗೆಯಾದ ಮೊದಲ ತಿಂಗಳುಗಳಲ್ಲಿ ಲೂಪಸ್ ಕೆರಳುವುದುಂಟು. ಕೀಲುನೋವು, ಜ್ವರ, ಸುಸ್ತನ್ನು "ಬಾಣಂತಿ ಮೈ" ಎಂದು ತಳ್ಳಿಹಾಕಬೇಡಿ. ಪಥ್ಯದ ಹೆಸರಲ್ಲಿ ನೀರು, ಹಣ್ಣು, ತರಕಾರಿ ತಪ್ಪಿಸಬೇಡಿ. ಎಚ್‌ಸಿಕ್ಯೂ, ಅಜಾಥಯೊಪ್ರಿನ್, ಕಡಿಮೆ ಪ್ರಮಾಣದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಲೇ ಮೊಲೆಹಾಲು ಕೊಡಬಹುದು. ಮುಂದಿನ ಗರ್ಭನಿರೋಧಕ ಯಾವುದೆಂದು ಹೆರಿಗೆಗೆ ಮುಂಚೆಯೇ ಮಾತಾಡಿಕೊಳ್ಳಿ.

11. ಬೇಡ ಎಂದರೆ

ಶ್ವಾಸಕೋಶದ ರಕ್ತದೊತ್ತಡ ತೀವ್ರವಾಗಿದ್ದರೆ, ಮೂತ್ರಪಿಂಡ ಬಹುಪಾಲು ಸೋತಿದ್ದರೆ, ಹೃದಯ ತೀರಾ ದುರ್ಬಲವಾಗಿದ್ದರೆ ವೈದ್ಯರು ಬಸಿರು ಬೇಡವೆನ್ನುತ್ತಾರೆ. ಆ ಮಾತನ್ನು ಕೇಳಿ ಬಂದ ಹೆಣ್ಣಿನ ದುಃಖಕ್ಕೆ ಮನೆಯವರು ಜಾಗ ಕೊಡಬೇಕು. ದತ್ತು ಸ್ವೀಕಾರಕ್ಕೆ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ (ಕಾರಾ) ಮೂಲಕ ನೋಂದಣಿ ಇದೆ; ಬಸಿರು ತಾಯಿಯ ಜೀವಕ್ಕೆ ಅಪಾಯವಿದ್ದರೆ ಬಾಡಿಗೆ ತಾಯ್ತನಕ್ಕೆ 2021ರ ಕಾನೂನಿನಡಿ ಷರತ್ತುಬದ್ಧ ಅವಕಾಶವಿದೆ. ಮಕ್ಕಳೇ ಬೇಡ ಎನ್ನುವುದೂ ಪೂರ್ಣ ಬದುಕೇ.

ಮುಂದಿನ ಬಾರಿ ರುಮಟಾಲಜಿ ಓಪಿಡಿಗೆ ಹೋದಾಗ ವೈದ್ಯರು ಕೇಳಲಿ ಎಂದು ಕಾಯಬೇಡಿ. "ನನಗೆ ಮಗು ಬೇಕು, ಯಾವಾಗ ಆಗಬಹುದು?" ಅಥವಾ "ಈಗ ಬೇಡ, ಯಾವ ವಿಧಾನ ಸರಿ?" ಎಂದು ನೀವೇ ಕೇಳಿ. ಗಂಡನನ್ನೂ ಜೊತೆಗೆ ಕರೆದೊಯ್ಯಿರಿ.